ನಿಮ್ಮ ಪತ್ರಿಕಾ ಪ್ರಕಟಣೆ ಅಚ್ಚಾಗಬೇಕೆಂದರೆ: ಬರೆಯುವುದರಿಂದ ಸ್ಪಷ್ಟನೆ ಕೊಡುವವರೆಗೆ

"ಸರ, ಮೂರು ಪೇಪರ್‌ಗೆ ಕಳಿಸೀವ್ರಿ. ಒಂದ್ರಾಗೂ ಬಂದಿಲ್ಲ. ಯಾಕ್ರಿ?" ಕಲಬುರಗಿ, ಬೀದರ್, ಯಾದಗಿರಿ ಕಡೆಯ ಸಂಘ-ಸಂಸ್ಥೆಗಳು, ಶಾಲೆ-ಕಾಲೇಜುಗಳು, ರೈತರ ಗುಂಪುಗಳಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಕಳಿಸಿದ್ದನ್ನು ತರಿಸಿ ನೋಡಿದರೆ ಬಹಳಷ್ಟು ಸಲ ಕಾರಣ ಒಂದೇ. ಅದರಲ್ಲಿ ವೇದಿಕೆ ಮೇಲೆ ಕೂತವರ ಹೆಸರೆಲ್ಲ ಇರುತ್ತದೆ, ಸುದ್ದಿ ಇರುವುದಿಲ್ಲ. ಇದ್ದರೂ ಎಂಟನೇ ಸಾಲಿನಲ್ಲಿ ಎಲ್ಲೋ ಸಿಕ್ಕಿಕೊಂಡಿರುತ್ತದೆ. ಡೆಸ್ಕ್‌ನಲ್ಲಿ ಕೂತು ಸುದ್ದಿ ತಿದ್ದುವ ಉಪಸಂಪಾದಕರು ಅಲ್ಲಿಯವರೆಗೆ ಓದುವುದೇ ಇಲ್ಲ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಬಹಳ ಜನ ಮೂರನೇ ಹಂತದಿಂದ ಶುರು ಮಾಡುತ್ತಾರೆ, ಅಲ್ಲೇ ಎಡವುತ್ತಾರೆ.

ಶುರು ಮಾಡುವ ಮೊದಲು ಏನೇನು ಬೇಕು

ಒಂದು ನೋಟ್‌ಬುಕ್. ಯೂನಿಕೋಡ್‌ನಲ್ಲಿ ಕನ್ನಡ ಟೈಪ್ ಮಾಡಲು ಬರುವ ಮೊಬೈಲ್ ಅಥವಾ ಕಂಪ್ಯೂಟರ್. ಒಂದು ಇಮೇಲ್ ವಿಳಾಸ, ಅದು ಸಂಸ್ಥೆಯ ಹೆಸರಿನಲ್ಲಿದ್ದರೆ ಒಳ್ಳೆಯದು. ನಿಮ್ಮ ತಾಲ್ಲೂಕಿನ ವರದಿಗಾರರು ಮತ್ತು ಜಿಲ್ಲಾ ಕೇಂದ್ರದ ಬ್ಯೂರೊಗಳ ಫೋನ್, ಇಮೇಲ್ ಇರುವ ಪಟ್ಟಿ. ವರದಿಗಾರರಿಗೆ ವರ್ಗಾವಣೆ ಆಗುತ್ತಿರುತ್ತದೆ, ಆದ್ದರಿಂದ ಪಟ್ಟಿಯನ್ನು ಆರು ತಿಂಗಳಿಗೊಮ್ಮೆಯಾದರೂ ತಿದ್ದಿಕೊಳ್ಳಿ. ನಿಮ್ಮ ಓದುಗರಲ್ಲಿ ಉರ್ದು ಓದುವವರು ಇದ್ದರೆ ಉರ್ದು ಪತ್ರಿಕೆಗಳನ್ನೂ ಸೇರಿಸಿ. ಭಾಲ್ಕಿ, ಔರಾದ್, ಬಸವಕಲ್ಯಾಣದ ಕಡೆಯಾದರೆ ಮರಾಠಿಯನ್ನೂ ಮರೆಯಬೇಡಿ. ಕಲಬುರಗಿ, ಬೀದರ್‌ನವರು ಇದನ್ನು ಯಾಕೆ ಬಿಟ್ಟುಬಿಡುತ್ತಾರೋ ಗೊತ್ತಾಗುವುದಿಲ್ಲ.

ಪತ್ರಿಕೆಯವರ ಜೊತೆ ಮಾತಾಡಲು ಒಬ್ಬರನ್ನು ಮೊದಲೇ ಗೊತ್ತು ಮಾಡಿ. ಅಧ್ಯಕ್ಷರು ಒಂದು ಸಂಖ್ಯೆ, ಕಾರ್ಯದರ್ಶಿ ಇನ್ನೊಂದು ಸಂಖ್ಯೆ ಹೇಳಿದರೆ ಪತ್ರಿಕೆಯವರು ಎರಡನ್ನೂ ನಂಬುವುದಿಲ್ಲ.

ಹಂತ 1: ಸುದ್ದಿ ಯಾವುದು ಅಂತ ಗುರುತಿಸಿ

ಕಾರ್ಯಕ್ರಮ ನಡೆಯಿತು ಎಂಬುದು ಸುದ್ದಿಯಲ್ಲ. ಅದರಿಂದ ಯಾರಿಗೆ ಏನಾಯಿತು, ಏನು ಸಿಗುತ್ತದೆ, ಏನು ಬದಲಾಯಿತು ಎಂಬುದು ಸುದ್ದಿ. ಒಂದು ಸುಲಭ ಪರೀಕ್ಷೆ ಇದೆ. ನಿಮ್ಮ ಸಂಘಕ್ಕೆ ಸಂಬಂಧವೇ ಇಲ್ಲದ ಒಬ್ಬರನ್ನು, ಪಕ್ಕದ ಕಿರಾಣಿ ಅಂಗಡಿಯವರು ಅಂತಿಟ್ಟುಕೊಳ್ಳಿ, ಮನಸ್ಸಿನಲ್ಲಿ ಎದುರಿಗೆ ಕೂರಿಸಿಕೊಳ್ಳಿ. ಅವರಿಗೆ ಒಂದೇ ಮಾತಿನಲ್ಲಿ ಹೇಳಿ. "ಹೌದಾ, ಯಾವಾಗ? ಎಲ್ಲಿ?" ಅಂತ ಅವರು ಕೇಳುವಂತಿದ್ದರೆ ಅದು ಸುದ್ದಿ. "ಒಳ್ಳೇದು ಬಿಡ್ರಿ" ಅಂತ ಹೇಳಿ ಗಿರಾಕಿ ಕಡೆ ತಿರುಗುವಂತಿದ್ದರೆ ಇನ್ನೂ ಹುಡುಕಬೇಕು.

ಎಷ್ಟು ಹುಡುಕಿದರೂ ಸಿಗಲಿಲ್ಲವೇ? ಹಾಗಾದರೆ ಪ್ರಕಟಣೆ ಬೇಡ. ಕಾರ್ಯಕ್ರಮಕ್ಕೆ ಎರಡು ದಿನ ಮೊದಲು ಹೆಸರು, ಸ್ಥಳ, ಸಮಯ ಇರುವ ಎರಡು ಸಾಲು ಕಳಿಸಿ. "ಇಂದಿನ ಕಾರ್ಯಕ್ರಮ" ಅಂಕಣದಲ್ಲಿ ಬಂದರೆ ಸಾಕು. ಅದಕ್ಕೆ ಬೇಜಾರು ಮಾಡಿಕೊಳ್ಳಬೇಕಾಗಿಲ್ಲ. ಜನ ಬರುವುದು ಆ ಎರಡು ಸಾಲು ನೋಡಿಯೇ.

ಹಂತ 2: ವಿವರ ಬರೆದುಕೊಳ್ಳಿ, ಒಂದೊಂದನ್ನೂ ಪರೀಕ್ಷಿಸಿ

ಏನು, ಯಾರು, ಎಲ್ಲಿ, ಯಾವಾಗ, ಯಾಕೆ, ಹೇಗೆ. ಈ ಆರು ಪ್ರಶ್ನೆಗಳನ್ನು ನೋಟ್‌ಬುಕ್‌ನಲ್ಲಿ ಬರೆದು ಎದುರಿಗೆ ಉತ್ತರ ತುಂಬಿ. ಯಾವುದಾದರೂ ಖಾಲಿ ಉಳಿದರೆ ಫೋನ್ ಮಾಡಿ ಕೇಳಿ. ಅಂದಾಜಿನಲ್ಲಿ ತುಂಬಬೇಡಿ.

ನಮ್ಮ ಭಾಗದ ಪ್ರಕಟಣೆಗಳು ಜಾಸ್ತಿ ತಪ್ಪುವುದು ಊರು ಮತ್ತು ಸಂಸ್ಥೆಗಳ ಹೆಸರಿನಲ್ಲಿ. ಕಮಲಾಪುರ ಕಲಬುರಗಿ ಜಿಲ್ಲೆಯ ತಾಲ್ಲೂಕು, ಕಮಲನಗರ ಬೀದರ್ ಜಿಲ್ಲೆಯದು. ಹಂಪಿ ಪಕ್ಕದಲ್ಲಿ ಇನ್ನೊಂದು ಕಮಲಾಪುರ ಇದೆ. ಶಹಾಬಾದ್ ಕಲಬುರಗಿಗೆ ಸೇರಿದ್ದು, ಶಹಾಪುರ ಯಾದಗಿರಿಗೆ. ಬೆಂಗಳೂರಿನ ಡೆಸ್ಕ್‌ಗೆ ಹೋದರೆ ಇವು ಅದಲುಬದಲಾಗುವುದು ಹೊಸದೇನಲ್ಲ. ಊರಿನ ಹೆಸರಿನ ಜೊತೆ ತಾಲ್ಲೂಕು, ಜಿಲ್ಲೆ ಎರಡನ್ನೂ ಬರೆಯಿರಿ.

ಹೆಸರು ಬದಲಾದವು, ಬದಲಾಗದವು ಇನ್ನೊಂದು ತಲೆನೋವು. ಗುಲಬರ್ಗಾ 2014ರ ನವೆಂಬರ್ 1ರಂದು ಕಲಬುರಗಿ ಆಯಿತು, ಆದರೆ ಗುಲಬರ್ಗಾ ವಿಶ್ವವಿದ್ಯಾಲಯ ಹಳೆಯ ಹೆಸರಲ್ಲೇ ಇದೆ. ಅದನ್ನು "ಕಲಬುರಗಿ ವಿಶ್ವವಿದ್ಯಾಲಯ" ಅಂತ ನೀವೇ ತಿದ್ದಬೇಡಿ. ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವೇ ಬೇರೆ. ಹೈದರಾಬಾದ್ ಕರ್ನಾಟಕಕ್ಕೆ 2019ರಲ್ಲಿ ಕಲ್ಯಾಣ ಕರ್ನಾಟಕ ಎಂದು ಹೆಸರಿಡಲಾಯಿತು. ನಮ್ಮ ಬಸ್ಸಿನ ನಿಗಮ ಈಗ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ, ಆದರೂ ಹಳೆಯ ಹೆಸರಿನ "ಈಶಾನ್ಯ" ಎಂಬ ಪದ ಪ್ರಕಟಣೆಗಳಲ್ಲಿ ಇನ್ನೂ ಉಳಿದಿದೆ. "ಕಲ್ಯಾಣ ಕರ್ನಾಟಕದ ಆರು ಜಿಲ್ಲೆಗಳು" ಎಂಬ ಸಾಲೂ ಹಾಗೆಯೇ. ಬಳ್ಳಾರಿಯಿಂದ ವಿಜಯನಗರ ಬೇರೆಯಾದ ಮೇಲೆ, ಅಂದರೆ 2021ರಿಂದ, ಏಳು ಜಿಲ್ಲೆಗಳಿವೆ. ಹಳೆಯ ಪ್ರಕಟಣೆಯಿಂದ ಕಾಪಿ ಮಾಡಿದವರು ಸಿಕ್ಕಿಬೀಳುವುದು ಇಲ್ಲೇ.

ವ್ಯಕ್ತಿಗಳ ಹೆಸರು, ಅಡ್ಡಹೆಸರು, ಹುದ್ದೆಯನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ. ಪಾಟೀಲ, ಪಾಟೀಲ್ ಎರಡೂ ಇವೆ. ಅವರು ಹೇಗೆ ಬರೆಯುತ್ತಾರೋ ಹಾಗೇ ಬರೆಯಿರಿ.

ಇನ್ನೊಂದು ವಿಷಯ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಸಾಮಾನ್ಯವಾಗಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ಕೆಲಸ ಮಾಡುತ್ತವೆ. ಅಧಿಕಾರಿಯಿಂದ ಅಂಕಿ-ಅಂಶ ಬೇಕಿದ್ದರೆ ಊಟದ ನಂತರ ನೋಡೋಣ ಅಂತ ಬಿಡಬೇಡಿ.

ಹಂತ 3: ಮೊದಲ ವಾಕ್ಯ ಬರೆಯಿರಿ

ಪತ್ರಿಕೆಯವರು ಇದನ್ನು ಇಂಟ್ರೊ ಅಥವಾ ಲೀಡ್ ಅನ್ನುತ್ತಾರೆ. ನಿಮ್ಮ ಸಮಯದ ಅರ್ಧವನ್ನು ಇದಕ್ಕೇ ಕೊಡಿ. ಮೊದಲು ಎಲ್ಲರೂ ಹೇಗೆ ಬರೆಯುತ್ತಾರೆ ನೋಡಿ. ಇದು ಉದಾಹರಣೆಗಾಗಿ ಕಟ್ಟಿದ್ದು, ಆದರೆ ನಿಮಗೆ ಹೊಸದು ಅನಿಸಲಾರದು:

"ಸಂಘದ ವತಿಯಿಂದ ಹಮ್ಮಿಕೊಂಡಿದ್ದ ಒಂದು ದಿನದ ರೈತರ ತರಬೇತಿ ಕಾರ್ಯಕ್ರಮವನ್ನು ಮಾನ್ಯ ಅತಿಥಿಗಳು ಸಸಿಗೆ ನೀರೆರೆಯುವ ಮೂಲಕ ಉದ್ಘಾಟಿಸಿ ಮಾತನಾಡಿ, ರೈತ ದೇಶದ ಬೆನ್ನೆಲುಬು ಎಂದು ಅಭಿಪ್ರಾಯಪಟ್ಟರು. ಅಧ್ಯಕ್ಷತೆಯನ್ನು ಇಂಥವರು ವಹಿಸಿದ್ದರು. ಮುಖ್ಯ ಅತಿಥಿಗಳಾಗಿ ಇಂಥವರು ಉಪಸ್ಥಿತರಿದ್ದರು. ಇಂಥವರು ಸ್ವಾಗತಿಸಿದರು, ಇಂಥವರು ನಿರೂಪಿಸಿದರು, ಇಂಥವರು ವಂದಿಸಿದರು."

ಏನು ಕಲಿಸಿದರು? ಯಾವ ಬೆಳೆ? ಎಷ್ಟು ಜನ ಬಂದಿದ್ದರು? ಬಾರದವರಿಗೆ ಇನ್ನೊಂದು ಅವಕಾಶ ಇದೆಯಾ? ಒಂದಕ್ಕೂ ಉತ್ತರ ಇಲ್ಲ. ಊರಿನ ಹೆಸರೂ ಇಲ್ಲ, ಅಲ್ವಾ? ಈಗ ಅದೇ ಕಾರ್ಯಕ್ರಮ, ಬೇರೆ ರೀತಿ:

"ಜೇವರ್ಗಿ: ತೊಗರಿಗೆ ನೆಟೆ ರೋಗ ಬಾರದಂತೆ ಬಿತ್ತನೆಗೆ ಮೊದಲೇ ಬೀಜೋಪಚಾರ ಮಾಡುವ ವಿಧಾನವನ್ನು ತಾಲ್ಲೂಕಿನ 40 ರೈತರಿಗೆ ಭಾನುವಾರ ಹೊಲದಲ್ಲೇ ತೋರಿಸಿಕೊಡಲಾಯಿತು. ಇದೇ ತರಬೇತಿ ಮುಂದಿನ ಭಾನುವಾರ ಬೆಳಿಗ್ಗೆ 8ಕ್ಕೆ ಸಂಘದ ಕಚೇರಿ ಆವರಣದಲ್ಲಿ ಮತ್ತೆ ನಡೆಯಲಿದೆ. ಶುಲ್ಕವಿಲ್ಲ."

ಮೊದಲ ಪದ ಊರು. ಎರಡನೇ ಪದಕ್ಕೇ ತೊಗರಿ ಬಂತು. ನಮ್ಮ ಕಡೆ ತೊಗರಿ ಎಂಬ ಪದ ಕಂಡರೆ ಓದುಗರ ಕಣ್ಣು ನಿಲ್ಲುತ್ತದೆ. ಸಂಖ್ಯೆ ಇದೆ, ದಿನ ಇದೆ, ಓದಿದವರು ಮುಂದೇನು ಮಾಡಬೇಕು ಎಂಬುದೂ ಇದೆ. ಅತಿಥಿಗಳ ಹೆಸರು ಇನ್ನೂ ಬಂದಿಲ್ಲ. ಬರುತ್ತದೆ, ಅವಸರ ಬೇಡ.

ಮೊದಲ ವಾಕ್ಯವನ್ನು 20 ಪದಗಳ ಆಸುಪಾಸಿನಲ್ಲಿ ಇಡಿ. ಬರೆದಾದ ಮೇಲೆ ಗಟ್ಟಿಯಾಗಿ ಓದಿ. ನಡುವೆ ಉಸಿರು ಸಾಲದೆ ಬಂದರೆ ಎರಡು ವಾಕ್ಯ ಮಾಡಿ. "ಹಮ್ಮಿಕೊಂಡಿದ್ದ", "ಅಭಿಪ್ರಾಯಪಟ್ಟರು", "ವತಿಯಿಂದ", "ಈ ಸಂದರ್ಭದಲ್ಲಿ" ಎಂಬ ಪದಗಳು ಮೊದಲ ಪ್ಯಾರಾದಲ್ಲಿ ಕಂಡರೆ ಅದೇ ಅಪಾಯದ ಸೂಚನೆ. ಸುದ್ದಿ ಇನ್ನೂ ಶುರುವಾಗಿಲ್ಲ ಅಂತ ಅರ್ಥ.

ಹಂತ 4: ಉಳಿದದ್ದನ್ನು ಮಹತ್ವದ ಕ್ರಮದಲ್ಲಿ ಜೋಡಿಸಿ

ಪುಟದಲ್ಲಿ ಜಾಗ ಕಡಿಮೆಯಾದರೆ ಡೆಸ್ಕ್‌ನವರು ಕೆಳಗಿನಿಂದ ಕತ್ತರಿಸುತ್ತಾರೆ. ಹಾಗಾಗಿ ಹೋದರೂ ಪರವಾಗಿಲ್ಲ ಅನ್ನುವಂಥದ್ದು ಕೊನೆಗಿರಲಿ. ಇದಕ್ಕೇ ತಲೆಕೆಳಗಾದ ಪಿರಮಿಡ್ ಅನ್ನುತ್ತಾರೆ. ನಡೆದ ಕ್ರಮದಲ್ಲೇ, ಪ್ರಾರ್ಥನಾ ಗೀತೆಯಿಂದ ವಂದನಾರ್ಪಣೆವರೆಗೆ ಬರೆದರೆ, ಕತ್ತರಿಗೆ ಮೊದಲು ಸಿಗುವುದು ನಿಮ್ಮ ಕಾರ್ಯಕ್ರಮದ ತಿರುಳು.

ಎರಡನೇ ಪ್ಯಾರಾದಲ್ಲಿ ವಿವರ ಬರಲಿ. ಯಾಕೆ ಈ ತರಬೇತಿ, ಹೇಗೆ ಮಾಡಿದರು, ಯಾರು ಕಲಿಸಿದರು. ಮೂರನೆಯದರಲ್ಲಿ ಒಂದು ಹೇಳಿಕೆ. ಹೇಳಿಕೆಯಲ್ಲಿ ಹೊಸ ಮಾಹಿತಿ ಇರಬೇಕು. "ಇಂಥ ಕಾರ್ಯಕ್ರಮಗಳು ಹೆಚ್ಚು ಹೆಚ್ಚು ನಡೆಯಲಿ" ಎಂಬ ಮಾತನ್ನು ಯಾರ ಬಾಯಿಗೆ ಬೇಕಾದರೂ ಇಡಬಹುದು, ಅದಕ್ಕೇ ಅದನ್ನು ಯಾರೂ ಅಚ್ಚು ಹಾಕುವುದಿಲ್ಲ. ಅದೇ ತರಬೇತಿ ಕೊಟ್ಟ ಕೃಷಿ ವಿಜ್ಞಾನಿ ಹೀಗೆ ಹೇಳಿದ್ದರೆ ನೋಡಿ: "ನೆಟೆ ರೋಗ ತರುವ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಗಿಡ ಒಣಗಲು ಶುರುವಾದ ಮೇಲೆ ಮಾಡುವುದು ಹೆಚ್ಚೇನೂ ಉಳಿದಿರುವುದಿಲ್ಲ. ಬೀಜಕ್ಕೇ ಮೊದಲು ಉಪಚಾರ ಆಗಬೇಕು." ಇದು ಕೆಲಸಕ್ಕೆ ಬರುವ ಹೇಳಿಕೆ. ಹೇಳದ ಮಾತನ್ನು ನೀವೇ ಬರೆದು ಅವರ ಹೆಸರು ಹಾಕಬೇಡಿ. ಬರೆದದ್ದನ್ನು ಅವರಿಗೆ ಫೋನ್‌ನಲ್ಲಿ ಓದಿ ಹೇಳಿ, ಒಪ್ಪಿಗೆ ಪಡೆಯಿರಿ. ಎರಡು ನಿಮಿಷದ ಕೆಲಸ.

ನಾಲ್ಕನೆಯದರಲ್ಲಿ ವೇದಿಕೆಯ ಹೆಸರುಗಳು. ಮೂರೋ ನಾಲ್ಕೋ ಸಾಕು. ಹತ್ತು ಹೆಸರು ಹಾಕಲೇಬೇಕು ಅಂತ ಸಂಘದಲ್ಲಿ ಒತ್ತಡ ಬಂದರೆ ಪೂರ್ತಿ ಪಟ್ಟಿಯನ್ನು ಸಂಘದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ, ಎಲ್ಲರೂ ಖುಷಿಯಾಗಿರುತ್ತಾರೆ. ಕೊನೆಯ ಪ್ಯಾರಾಕ್ಕೆ ಹಿನ್ನೆಲೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದ್ದು ಹೆಮ್ಮೆಯ ವಿಷಯವೇ, ಆದರೆ ಬೀಜೋಪಚಾರದ ಸುದ್ದಿಯಲ್ಲಿ ಅದರ ಜಾಗ ಕೊನೆಯ ಸಾಲು. ಕತ್ತರಿಸಿದರೂ ನಷ್ಟವಿಲ್ಲ.

ಒಟ್ಟು 150ರಿಂದ 250 ಪದ. ಅದಕ್ಕಿಂತ ಉದ್ದ ಆದರೆ ಏನೋ ತುರುಕಿದ್ದೀರಿ. "ಅದ್ದೂರಿ", "ಐತಿಹಾಸಿಕ", "ಅಭೂತಪೂರ್ವ" ತೆಗೆಯಿರಿ. "ಸಾವಿರಾರು ಜನ" ಅಂತ ಬರೆದಿದ್ದರೆ ಕುರ್ಚಿ ಎಷ್ಟು ತರಿಸಿದ್ದಿರಿ ಅಂತ ಶಾಮಿಯಾನಾದವರನ್ನು ಕೇಳಿ.

ಹಂತ 5: ಶೀರ್ಷಿಕೆ ಮತ್ತು ಫೋಟೊ

ಶೀರ್ಷಿಕೆ ನಾಲ್ಕರಿಂದ ಆರು ಪದ. "ನೆಟೆ ರೋಗ ತಡೆಗೆ ರೈತರಿಗೆ ತರಬೇತಿ" ಅಂದರೆ ಮುಗಿಯಿತು. ಡೆಸ್ಕ್‌ನವರು ಬದಲಾಯಿಸಬಹುದು, ಅದು ಅವರ ಹಕ್ಕು.

ಫೋಟೊ ವಿಷಯದಲ್ಲಿ ಒಂದೇ ಮಾತು: ಕೆಲಸ ನಡೆಯುತ್ತಿರುವುದನ್ನು ತೆಗೆಯಿರಿ. ಹಿಂದೆ ದೊಡ್ಡ ಬ್ಯಾನರ್, ಮುಂದೆ ಸಾಲಾಗಿ ನಿಂತು ಕ್ಯಾಮೆರಾ ನೋಡುವ ಹದಿನೈದು ಜನ ಇರುವ ಫೋಟೊ ಒಂದು ಕಾಲಂಗೆ ಇಳಿದಾಗ ಯಾರ ಮುಖವೂ ಕಾಣುವುದಿಲ್ಲ. ರೈತರೊಬ್ಬರು ಬೀಜಕ್ಕೆ ಪುಡಿ ಲೇಪಿಸುತ್ತಿರುವ ಕೈ, ಪಕ್ಕದಲ್ಲಿ ಬಗ್ಗಿ ನೋಡುತ್ತಿರುವ ಇಬ್ಬರು. ಅಷ್ಟು ಸಾಕು. ಬೀದರ್‌ನ ಬಿದರಿ ಕುಶಲಕರ್ಮಿಗಳ ಕಾರ್ಯಕ್ರಮವಾದರೆ ಸನ್ಮಾನದ ಶಾಲು ಬಿಟ್ಟು, ಲೋಹದ ಮೇಲೆ ಬೆಳ್ಳಿ ತಂತಿ ಕೂರಿಸುವ ಉಳಿಯ ತುದಿಯನ್ನು ತೆಗೆಯಿರಿ.

ಅಡಿಬರಹದಲ್ಲಿ ಎಡದಿಂದ ಬಲಕ್ಕೆ ಹೆಸರು ಬರೆಯಿರಿ. ಮಕ್ಕಳ ಫೋಟೊ ಕಳಿಸುವ ಮೊದಲು ಪೋಷಕರನ್ನು ಕೇಳಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊವನ್ನು ಹಾಗೇ ಕಳಿಸಿದರೆ ಅದರ ಗಾತ್ರ, ಗುಣಮಟ್ಟ ಕುಗ್ಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಇಮೇಲ್ ಮಾಡಿ.

ಹಂತ 6: ಕಳಿಸುವುದು

ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿ ಇಮೇಲ್‌ಗೆ ಅಂಟಿಸಿದರೆ ಆ ಕಡೆ ಅರ್ಥವಾಗದ ಚಿಹ್ನೆಗಳ ರಾಶಿ ಕಾಣುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿ ಕಳಿಸಿ. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಸರಿ ಇವೆಯಾ ನೋಡಿ. ಲೆಟರ್‌ಹೆಡ್‌ನ ಫೋಟೊ, ಸ್ಕ್ಯಾನ್ ಮಾಡಿದ ಪಿಡಿಎಫ್ ಮಾತ್ರ ಕಳಿಸಬೇಡಿ. ಅದನ್ನು ಕೂತು ಟೈಪ್ ಮಾಡುವಷ್ಟು ಪುರುಸೊತ್ತು ಡೆಸ್ಕ್‌ನಲ್ಲಿ ಯಾರಿಗೂ ಇಲ್ಲ. ಪಠ್ಯ ಇಮೇಲ್‌ನ ಒಳಗೇ ಇರಲಿ, ಲೆಟರ್‌ಹೆಡ್ ಬೇಕಿದ್ದರೆ ಜೊತೆಗೆ ಲಗತ್ತಿಸಿ. ಕೊನೆಯಲ್ಲಿ ಕಳಿಸಿದವರ ಹೆಸರು, ಹುದ್ದೆ, ಫೋನ್ ಸಂಖ್ಯೆ. ಇದು ಇಲ್ಲದ ಪ್ರಕಟಣೆಯನ್ನು ಯಾರೂ ಮುಟ್ಟುವುದಿಲ್ಲ.

ಕಾರ್ಯಕ್ರಮ ನಡೆದ ದಿನವೇ, ಸಾಧ್ಯವಾದರೆ ಸಂಜೆ 4ರ ಒಳಗೆ ಕಳಿಸಿ. ಜಿಲ್ಲಾ ಪುಟಗಳು ಬೇಗ ಮುಗಿಯುತ್ತವೆ. ನಿಖರ ಸಮಯ ಪತ್ರಿಕೆಯಿಂದ ಪತ್ರಿಕೆಗೆ ಬೇರೆ, ನಿಮ್ಮ ವರದಿಗಾರರನ್ನೇ ಕೇಳಿಕೊಳ್ಳಿ. ಮೂರು ದಿನ ಬಿಟ್ಟು ಕಳಿಸಿ "ನಾಳೆ ಹಾಕಿ" ಅನ್ನಬೇಡಿ.

ದಿನ ಆರಿಸುವಾಗಲೂ ಯೋಚನೆ ಮಾಡಿ. ಸೆಪ್ಟೆಂಬರ್ 17 ಕಲ್ಯಾಣ ಕರ್ನಾಟಕ ಉತ್ಸವ. ಮಾರನೇ ದಿನದ ಪುಟಗಳೆಲ್ಲ ಅದಕ್ಕೇ ಹೋಗುತ್ತವೆ. ಶರಣಬಸವೇಶ್ವರ ಜಾತ್ರೆ, ಬಂದೇ ನವಾಜ್ ಉರುಸಿನ ದಿನಗಳೂ ಹಾಗೇ. ಕೆಲವು ಹಬ್ಬಗಳ ಮರುದಿನ ಪತ್ರಿಕೆಯೇ ಬರುವುದಿಲ್ಲ.

ಒಂದು ತಪ್ಪು ತಿಳಿವಳಿಕೆ: ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಗೆ ಕಳಿಸಿದರೆ ಎಲ್ಲ ಪತ್ರಿಕೆಗೂ ಹೋಗುತ್ತದೆ ಅಂತ. ಆ ಇಲಾಖೆ ಸರ್ಕಾರದ ಸುದ್ದಿಗಾಗಿ ಇರುವುದು. ಖಾಸಗಿ ಸಂಘಗಳು ನೇರವಾಗಿ ಪತ್ರಿಕೆಗಳಿಗೇ ಕಳಿಸಬೇಕು. ಇನ್ನು ಚುನಾವಣಾ ನೀತಿ ಸಂಹಿತೆ ಇರುವಾಗ ಅಭ್ಯರ್ಥಿಯನ್ನು ಹೊಗಳುವ ಪ್ರಕಟಣೆ ಕಾಸಿನ ಸುದ್ದಿಯ, ಅಂದರೆ ದುಡ್ಡು ಕೊಟ್ಟು ಹಾಕಿಸಿದ ಸುದ್ದಿಯ, ಅನುಮಾನಕ್ಕೆ ಬಿದ್ದು, ಜಿಲ್ಲಾ ಮಾಧ್ಯಮ ಪ್ರಮಾಣೀಕರಣ ಮತ್ತು ಮೇಲ್ವಿಚಾರಣಾ ಸಮಿತಿಯ ಮುಂದೆ ಹೋಗಬಹುದು. ಆ ದಿನಗಳಲ್ಲಿ ಅತಿಥಿಗಳ ಪಟ್ಟಿಯನ್ನು ಎರಡು ಸಲ ನೋಡಿ.

ಹಂತ 7: ಫೋನ್ ಮಾಡುವುದು

ಒಂದು ಸಲ, ಮಧ್ಯಾಹ್ನದ ಹೊತ್ತು. "ಇಮೇಲ್ ಸಿಕ್ಕಿತಾ ಸರ್, ಏನಾದರೂ ವಿವರ ಬೇಕಾ?" ಅಂತ ಕೇಳಿ ಇಟ್ಟುಬಿಡಿ. ಯಾಕೆ ಹಾಕಲಿಲ್ಲ ಅಂತ ಜಗಳಕ್ಕೆ ಹೋಗಬೇಡಿ. ಜಾಹೀರಾತು ಕೊಟ್ಟಿದ್ದೇವಲ್ಲ ಎಂಬ ಮಾತನ್ನಂತೂ ವರದಿಗಾರರ ಮುಂದೆ ಎತ್ತಲೇಬೇಡಿ.

ಹಂತ 8: ಪತ್ರಿಕಾಗೋಷ್ಠಿ ಬೇಕೇ?

ಹೆಚ್ಚಿನ ಸಲ ಬೇಡ. ಪತ್ರಕರ್ತರು ಪ್ರಶ್ನೆ ಕೇಳಲೇಬೇಕಾದ ವಿಷಯ ಇದ್ದರೆ ಮಾತ್ರ ಕರೆಯಿರಿ. ಹೋರಾಟದ ಘೋಷಣೆ, ದಾಖಲೆ ಬಿಡುಗಡೆ, ಗಂಭೀರ ಆರೋಪಕ್ಕೆ ಉತ್ತರ, ಇಂಥವು. ಬೆಳಿಗ್ಗೆ 11ರ ಹೊತ್ತು ಒಳ್ಳೆಯದು. ಮಾತು ಹತ್ತು ನಿಮಿಷ, ಉಳಿದ ಸಮಯ ಪ್ರಶ್ನೆಗೆ. ಮುದ್ರಿತ ಪ್ರತಿ ಎಲ್ಲರ ಕೈಗೂ ಸಿಗಲಿ. ಚಹಾ, ಉಪ್ಪಿಟ್ಟು ಸಾಕು. ಕವರ್, ಉಡುಗೊರೆ ಕೊಡುವ ಪದ್ಧತಿ ಬಿಡಿ. ಒಳ್ಳೆಯ ವರದಿಗಾರರಿಗೆ ಅದು ಅವಮಾನ, ಉಳಿದವರಿಗೆ ಅಭ್ಯಾಸ.

ಹಂತ 9: ಕೆಟ್ಟ ಸುದ್ದಿ ನಿಮ್ಮ ಬಾಗಿಲಿಗೆ ಬಂದಾಗ

ಸಾರ್ವಜನಿಕ ಸಂಪರ್ಕದ ನಿಜವಾದ ಪರೀಕ್ಷೆ ಇಲ್ಲಿ. ಹಾಸ್ಟೆಲ್‌ನಲ್ಲಿ ಊಟ ಮಾಡಿದ ಮಕ್ಕಳು ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರಿದ್ದಾರೆ ಅಂತಿಟ್ಟುಕೊಳ್ಳಿ. ಆಡಳಿತ ಮಂಡಳಿ ಸಾಮಾನ್ಯವಾಗಿ ಮಾಡುವ ಕೆಲಸ ಮೂರು: ಗೇಟ್ ಹಾಕುವುದು, ಫೋನ್ ಆಫ್ ಮಾಡುವುದು, "ಇದು ವಿರೋಧಿಗಳ ಪಿತೂರಿ" ಅನ್ನುವುದು. ಮೂರೂ ಸುದ್ದಿಯನ್ನು ದೊಡ್ಡದು ಮಾಡುತ್ತವೆ. ಅಷ್ಟರಲ್ಲಿ ಯಾರದೋ ಮೊಬೈಲ್ ವಿಡಿಯೊ ಊರೆಲ್ಲ ತಿರುಗಿರುತ್ತದೆ.

ಮಾಡಬೇಕಾದ ಕ್ರಮ ಹೀಗೆ. ಮೊದಲು ಮಕ್ಕಳ ಚಿಕಿತ್ಸೆ. ಎರಡನೆಯದು, ಪ್ರತಿಯೊಬ್ಬ ಪೋಷಕರಿಗೂ ನೀವೇ ಫೋನ್ ಮಾಡುವುದು. ಅವರಿಗೆ ಟಿವಿಯಿಂದ ಗೊತ್ತಾಗಬಾರದು. ಮೂರನೆಯದು, ಸಂಬಂಧಪಟ್ಟ ಅಧಿಕಾರಿಗಳಿಗೆ ತಿಳಿಸುವುದು. ಉಳಿದ ಅಡುಗೆಯನ್ನು ಚೆಲ್ಲಬೇಡಿ, ಪರೀಕ್ಷೆಗೆ ಬೇಕಾಗುತ್ತದೆ. ಚೆಲ್ಲಿದರೆ ಮುಚ್ಚಿಟ್ಟಿದ್ದಾರೆ ಎಂಬ ಮಾತು ಬರುತ್ತದೆ. ನಾಲ್ಕನೆಯದು ಹೇಳಿಕೆ, ಅದೂ ಒಂದೆರಡು ಗಂಟೆಯೊಳಗೆ.

ಹೇಳಿಕೆ ಐದು ಸಾಲಿರಲಿ: "ಹಾಸ್ಟೆಲ್‌ನ 18 ವಿದ್ಯಾರ್ಥಿಗಳು ಇಂದು ರಾತ್ರಿ ಊಟದ ನಂತರ ಅಸ್ವಸ್ಥರಾಗಿದ್ದು, ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿದ್ದಾರೆ. ಎಲ್ಲ ಪೋಷಕರಿಗೆ ಮಾಹಿತಿ ಕೊಟ್ಟಿದ್ದೇವೆ. ಆಹಾರದ ಮಾದರಿಯನ್ನು ಅಧಿಕಾರಿಗಳಿಗೆ ಒಪ್ಪಿಸಿದ್ದೇವೆ, ಕಾರಣ ವರದಿ ಬಂದ ಮೇಲೆ ತಿಳಿಯಲಿದೆ. ಮಕ್ಕಳಿಗೂ ಪೋಷಕರಿಗೂ ಆದ ತೊಂದರೆಗೆ ವಿಷಾದಿಸುತ್ತೇವೆ. ಮುಂದಿನ ಮಾಹಿತಿಯನ್ನು ಬೆಳಿಗ್ಗೆ 9ಕ್ಕೆ ಕೊಡುತ್ತೇವೆ." ಬೆಳಿಗ್ಗೆ 9 ಅಂದಮೇಲೆ 9ಕ್ಕೇ ಕೊಡಿ. ಹೊಸದೇನೂ ಇಲ್ಲದಿದ್ದರೆ ಹೊಸದೇನೂ ಇಲ್ಲ ಅಂತಲೇ ಹೇಳಿ. ಕಾರಣದ ಬಗ್ಗೆ ಊಹೆ ಬೇಡ. ಅಡುಗೆಯವರ ಮೇಲೆ ಹಾಕಿ ಕೈ ತೊಳೆದುಕೊಳ್ಳುವುದಂತೂ ಬೇಡವೇ ಬೇಡ.

ಲೈಂಗಿಕ ದೌರ್ಜನ್ಯದ ಪ್ರಕರಣವಾದರೆ ನಿಯಮವೇ ಬೇರೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಮಗುವಿನ ಹೆಸರು, ವಿಳಾಸ, ಫೋಟೊ, ಕುಟುಂಬದ ವಿವರ, ಶಾಲೆ, ನೆರೆಹೊರೆ, ಗುರುತು ಸಿಗುವಂಥ ಯಾವುದನ್ನೂ ಮಾಧ್ಯಮದಲ್ಲಿ ಬಹಿರಂಗ ಮಾಡುವಂತಿಲ್ಲ. ಸಂತ್ರಸ್ತರು ವಯಸ್ಕರಾದರೂ ಗುರುತು ಹೇಳುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಅಡಿ ಅಪರಾಧ. ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದನ್ನೂ ಸಣ್ಣ ವಿಷಯ ಅಂದುಕೊಳ್ಳಬೇಡಿ. ಇಂಥ ಪ್ರಕರಣದಲ್ಲಿ ವಕೀಲರಿಗೆ ತೋರಿಸದೆ ಒಂದು ಸಾಲನ್ನೂ ಹೊರಗೆ ಬಿಡಬೇಡಿ.

ಹಂತ 10: ತಪ್ಪು ಅಚ್ಚಾದರೆ

ಸಂಖ್ಯೆ ತಪ್ಪಿದೆ, ಹೆಸರು ತಪ್ಪಿದೆ, ಹೇಳದ ಮಾತು ಬಂದಿದೆ. ಮೊದಲು ನಿಮ್ಮ ಪ್ರಕಟಣೆಯನ್ನೇ ತೆಗೆದು ನೋಡಿ, ತಪ್ಪು ಅಲ್ಲಿಂದಲೇ ಹೋಗಿರಬಹುದು. ಅಲ್ಲದಿದ್ದರೆ ವರದಿಗಾರರಿಗೆ ಫೋನ್ ಮಾಡಿ, ಸಮಾಧಾನದಿಂದ ಹೇಳಿ. ಬಹಳಷ್ಟು ಇಲ್ಲೇ ಮುಗಿಯುತ್ತವೆ.

ಮುಗಿಯದಿದ್ದರೆ ಸಂಪಾದಕರಿಗೆ ಪತ್ರ ಬರೆಯಿರಿ. ಯಾವ ದಿನ, ಯಾವ ಪುಟ, ಯಾವ ಸಾಲು, ಸರಿಯಾದದ್ದು ಏನು, ಅದಕ್ಕೆ ದಾಖಲೆ ಏನು. ಇಷ್ಟೇ. ನಿಮ್ಮ ಸಂಸ್ಥೆಯ ಮೂವತ್ತು ವರ್ಷದ ಸೇವೆಯ ಕಥೆ ಅದರಲ್ಲಿ ಬೇಡ. "ಸ್ಪಷ್ಟನೆ" ಎಂದು ಬರಬೇಕಾದ ಸಾಲುಗಳನ್ನು ನೀವೇ 60 ಪದದೊಳಗೆ ಬರೆದುಕೊಡಿ, ಹಾಗೇ ಹಾಕಲು ಅವರಿಗೂ ಸುಲಭ.

ಅದಕ್ಕೂ ಉತ್ತರ ಬಾರದಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ದಿನಪತ್ರಿಕೆಯಾದರೆ ಸುದ್ದಿ ಪ್ರಕಟವಾದ ಎರಡು ತಿಂಗಳೊಳಗೆ ಕೊಡಬೇಕು. ಸಂಪಾದಕರಿಗೆ ಮೊದಲು ಬರೆದಿದ್ದೀರಿ ಎಂಬುದಕ್ಕೆ ಪ್ರತಿ ಲಗತ್ತಿಸಬೇಕು, ಆದ್ದರಿಂದ ಆ ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲೋ ಇಮೇಲ್‌ನಲ್ಲೋ ಕಳಿಸಿ, ನಕಲು ಇಟ್ಟುಕೊಳ್ಳಿ. ಟಿವಿ ಚಾನೆಲ್‌ಗಳು ಈ ಮಂಡಳಿಯ ವ್ಯಾಪ್ತಿಗೆ ಬರುವುದಿಲ್ಲ.